ಊರು ತಿರುಗಲು ಹೋದ ಡಬ್ಬಿಗಳು

ಮಧ್ಯಾಹ್ನದ ಊಟ ಮುಗಿದು, ಸಿಕಂದರಾಬಾದಿನ ಆಚೆಯ ಕುಷಾಯಿಗೂಡದ ಆ ಓಣಿ ಕಣ್ಣು ಮುಚ್ಚುವ ಹೊತ್ತಿಗೆ ಶೀತಲ ಕಣ್ಣು ತೆರೆದುಕೊಂಡೇ ಕನಸು ಕಾಣಲು ಕೂರುತ್ತಿದ್ದಳು. ಹಾಗೆ ಕೂರಲು ಅವಳಿಗೆ ಈಗೊಂದು ಜಾಗ ಸಿಕ್ಕಿತ್ತು. ಮನೆಯ ಮುಂದಿನ ಕೋಣೆ. ಶಟರ್ ಎತ್ತಿದರೆ ಎದುರಿಗೇ ರಸ್ತೆ. ಗೋಡೆಯ ಹಲಗೆಯ ಮೇಲೆ ಗಾಜಿನ ಭರಣಿಗಳಲ್ಲಿ ಶೇಂಗಾ ಹಿಂಡಿ, ಗುರೆಳ್ಳಿನ ಹಿಂಡಿ, ಅಗಸಿ ಹಿಂಡಿ. ಕೆಳಗೆ ಬುಟ್ಟಿಯ ತುಂಬ ಕಡಕ್ ರೊಟ್ಟಿ. ಹಿಂಡಿ ಎಂದರೆ ಬೀದರ ಸೀಮೆಯವರು ಚಟ್ನಿಪುಡಿಗೆ ಇಟ್ಟುಕೊಂಡ ಹೆಸರು. ಶೀತಲ ಕುಟ್ಟಿದ ಹಿಂಡಿಯ ಬೆಳ್ಳುಳ್ಳಿ ಘಮ ರಸ್ತೆಯ ತಿರುವಿನವರೆಗೆ ಹೋಗಿ, ಅಲ್ಲಿ ಯಾರೂ ಮಾತಾಡಿಸದೆ ವಾಪಸು ಬರುತ್ತಿತ್ತು.

ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಅವಳು ನೋಡಿದ್ದೆಲ್ಲ ಒಂದು ಗೋಡೆಯನ್ನು. ಹಿಂದಿನ ಅಡುಗೆಮನೆಯ ಕಿಟಕಿ ತೆರೆದರೆ ಕೈಗೆಟಕುವಷ್ಟು ಹತ್ತಿರದಲ್ಲಿ ಪಕ್ಕದ ಮನೆಯ ಗೋಡೆ. ಮಳೆಗಾಲದಲ್ಲಿ ಅದರ ಮೇಲೆ ಪಾಚಿ ಬೆಳೆಯುತ್ತಿತ್ತು, ಬೇಸಿಗೆಯಲ್ಲಿ ಸುಣ್ಣ ಉದುರುತ್ತಿತ್ತು. ಒಗ್ಗರಣೆ ಹಾಕುತ್ತ ಆ ಪಾಚಿಯಲ್ಲಿ ಅವಳು ಕೆರೆ ಕಂಡಿದ್ದಾಳೆ, ಗುಡ್ಡ ಕಂಡಿದ್ದಾಳೆ, ಒಂದು ವರ್ಷವಂತೂ ಸೊಂಡಿಲೆತ್ತಿದ ಆನೆ ಕಂಡಿದ್ದಾಳೆ. ಎಷ್ಟೆಂದು ಗೋಡೆ ನೋಡುವುದು! ಈಗ ಮುಂದಿನ ಕೋಣೆಗೆ ಬಂದ ಮೇಲೆ ರಸ್ತೆಯೇ ಅವಳದಾಯಿತು. ಕಾರ್ಖಾನೆಯ ಬಸ್ಸು, ಪೇರಲ ಹಣ್ಣಿನ ಬಂಡಿ, ತಲೆಯ ಮೇಲೆ ಹಾಸಿಗೆ ಹೊತ್ತು ಮನೆ ಬದಲಿಸುವವರು, ಎಲ್ಲರಿಗೂ ಅವಳು ಒಂದೊಂದು ಕತೆ ಕೊಟ್ಟು ಕಳಿಸುತ್ತಿದ್ದಳು. ಗಿರಾಕಿ ಒಬ್ಬರೂ ಇರಲಿಲ್ಲ ಅನ್ನುವುದು ಬೇರೆ ಮಾತು.

ಆ ಬೇರೆ ಮಾತೇ ಅವಳ ಕೊರಳಿಗೆ ಬಂದಿತ್ತು. ಅಂಗಡಿ ತೆರೆಯುವಾಗಲೇ ಗಂಡ ಶಿವಪ್ರಕಾಶ ಹೇಳಿದ್ದ: "ದೀಪಾವಳಿ ತನಕ ನೋಡೋಣು ಶೀತಲ. ನಡದ್ರ ಛಲೋ ಆತು. ಇಲ್ಲಾಂದ್ರ ಆ ವೈಜನಾಥಗ ಕೋಣಿ ಬಾಡಿಗಿ ಕೊಟ್ಟುಬಿಡೋಣು. ಮೊಬೈಲ್ ರಿಪೇರಿ ಅಂಗಡಿ ಹಾಕ್ತೀನಿ ಅಂತ ಬೆನ್ನು ಬಿದ್ದಾನ." ಅವಳು "ಹೂಂ" ಅಂದಿದ್ದಳು. ಅನ್ನದೆ ಏನು ಮಾಡುತ್ತಾಳೆ? ಆದರೆ ಮತ್ತೆ ಆ ಗೋಡೆಯ ಮುಂದೆ ಹೋಗಿ ನಿಲ್ಲುವುದು ಅವಳಿಗೆ ಬೇಡವಾಗಿತ್ತು. ಸಾಯುವ ತನಕ ಬೇಡವಾಗಿತ್ತು.

ಶಿವಪ್ರಕಾಶ ಕೆಟ್ಟವನಲ್ಲ, ಪಾಪ. ಸಿಕಂದರಾಬಾದಿನ ಒಂದು ಆಫೀಸಿನಲ್ಲಿ ಗುಮಾಸ್ತನಾಗಿದ್ದ. ಬಸ್ಸಿನಲ್ಲಿ ಹೋಗುತ್ತ ಬರುತ್ತ ಮೊಬೈಲಿನಲ್ಲಿ ಒಬ್ಬ ಕೋಟು ಹಾಕಿದ ಹುಡುಗನ ಮಾತು ಕೇಳುತ್ತಿದ್ದ. ಖರ್ಚಿಲ್ಲದೆ ಸಣ್ಣ ವ್ಯಾಪಾರ ಬೆಳೆಸುವುದು ಹೇಗೆ ಎಂದು ಆ ಹುಡುಗ ಉಪದೇಶ ಮಾಡುತ್ತಿದ್ದ. ಆ ಹುಡುಗ ಜನ್ಮದಲ್ಲಿ ಏನಾದರೂ ಮಾರಿದ್ದನೋ ಇಲ್ಲವೋ ಶಿವನೇ ಬಲ್ಲ. ಶಿವಪ್ರಕಾಶ ಮಾತ್ರ ದಿನಾ ಸಂಜೆ ಬೂಟು ಬಿಚ್ಚುತ್ತಲೇ ಒಂದು ಹೊಸ ಉಪಾಯ ಹೇಳುತ್ತಿದ್ದ.

ಮೊದಲು ಪಾಂಪ್ಲೆಟ್ ಮಾಡಿಸಿದರು. ಗುಲಾಬಿ ಬಣ್ಣದ ಕಾಗದ, ಮೇಲೆ 'ಶೀತಲ ಹೋಮ್ ಫುಡ್ಸ್' ಎಂದು ತೆಲುಗಿನಲ್ಲಿ. ಪೇಪರು ಹಾಕುವವನ ಕೈಯಲ್ಲಿ ಮನೆಮನೆಗೂ ಕಳಿಸಿದರು. ಮಾರನೆಯ ಸಂಜೆ ಎದುರಿನ ಬಂಡಿಯಿಂದ ಮಿರ್ಚಿ ಬಜ್ಜಿ ತರಿಸಿದರೆ ಅದರ ಸುತ್ತ ಗುಲಾಬಿ ಕಾಗದ, ಶೀತಲಳ ಹೆಸರಿನ ಮೇಲೆ ಎಣ್ಣೆ. ಆಮೇಲೆ ಕಾಲೊನಿಯ ವಾಟ್ಸ್ಯಾಪ್ ಗುಂಪಿನಲ್ಲಿ ಫೋಟೊ ಹಾಕಿದರು. ಅದರ ಮೇಲೆ ದಬದಬನೆ ಸೂರ್ಯೋದಯ, ಗುಲಾಬಿ, ಶುಭೋದಯ ಬಂದು ಬಿದ್ದು ಹಿಂಡಿಯ ಭರಣಿ ಕಾಣದಂತಾಯಿತು. ಮುಂದಿನ ಉಪಾಯ ನಗು. ಅಂಗಡಿಯವರು ಹೋಗುಬರುವವರನ್ನು ನೋಡಿ ನಗಬೇಕಂತೆ, ಅದಕ್ಕೆ ಖರ್ಚೇ ಇಲ್ಲವಂತೆ. ಶೀತಲ ರಸ್ತೆಯನ್ನು ನೋಡಿ ನಕ್ಕಳು. ಒಂದು ಆಟೊ ಗಕ್ಕನೆ ನಿಂತಿತು. "ಎಕ್ಕಡಿಕಮ್ಮಾ?" ಎಲ್ಲಿಗೆ ಹೋಗಬೇಕಮ್ಮಾ ಎಂದು ಅವನು ಕೇಳಿದಾಗ ಅವಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಎಲ್ಲಿಗೂ ಇಲ್ಲ ಎಂದು ಕೈಯಾಡಿಸಿದಳು. ಅವನು ಗೊಣಗುತ್ತ ಹೋದ.

ಕೊನೆಗೆ ಬಂದದ್ದು ಸ್ಯಾಂಪಲ್. ಶಿವಪ್ರಕಾಶ ಪುಟಾಣಿ ಪ್ಲಾಸ್ಟಿಕ್ ಪೊಟ್ಟಣಗಳ ಕಟ್ಟೊಂದನ್ನು ತಂದು ಜಗಲಿಯ ಮೇಲಿಟ್ಟ. ಅಲ್ಲಿ ಅವನ ತಾಯಿ ಸುಂದರಾಬಾಯಿ ಮೊರದಲ್ಲಿ ಜೋಳ ಕೇರುತ್ತ ಕೂತಿದ್ದರು.

"ಏನಪಾ ಅದು?"

"ಸ್ಯಾಂಪಲ್ ಯವ್ವಾ. ಒಂದೀಟು ಹಿಂಡಿ ಹಾಕಿ ಮನಿಮನಿಗೆ ಪುಕ್ಕಟ ಕೊಡೂದು. ರುಚಿ ಹತ್ತಿದ್ರ ಮಂದಿ ತಾವ ಬರ್ತಾರ."

ಸುಂದರಾಬಾಯಿ ಒಂದು ಪೊಟ್ಟಣವನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು, ಸತ್ತ ಜಿರಳೆ ಎತ್ತಿದ ಹಾಗೆ. "ಪುಕ್ಕಟ ಕೊಡು, ಬ್ಯಾಡಂದವರ್ಯಾರು? ಆದ್ರ ಇದ್ರಾಗ? ನಮ್ಮ ಮನಿಯಿಂದ ಮಂದಿಗೆ ತಿನ್ನೂದು ಕಳಸೂದು ಗುಟ್ಕಾ ಚೀಟಿನ್ಯಾಗೇನು? ನಾ ಇನ್ನಾ ಸತ್ತಿಲ್ಲ. ಶೀತಲಾ, ಅಟ್ಟದ ಮ್ಯಾಗಿನ ಚೀಲ ಇಳಸು."

ಅಟ್ಟದಿಂದ ಇಳಿದ ಚೀಲದಲ್ಲಿ ಸ್ಟೀಲಿನ ಡಬ್ಬಿಗಳು. ಮುಷ್ಟಿಗೆ ಸ್ವಲ್ಪ ದೊಡ್ಡವು, ದುಂಡನೆಯವು, ಬಿಗಿ ಮುಚ್ಚಳದವು. ಹುಮನಾಬಾದಿನ ತುಂಬಿದ ಮನೆ ಬಿಟ್ಟು, ಗಂಡನ ಕಾರ್ಖಾನೆ ನೌಕರಿಯ ಹಿಂದೆ ಸುಂದರಾಬಾಯಿ ಈ ಊರಿಗೆ ಬಂದಾಗ ತವರಿನವರು ಕೊಟ್ಟವು. ತುಂಬಿದ ಮನೆಯಲ್ಲಿ ಅವರ ಪಾತ್ರೆಗಳೆಲ್ಲ ನೆಗೆಣ್ಣಿಯರ ಪಾಲಾಗಿದ್ದ ಸಿಟ್ಟು ಅವರಿಗೆ ಇನ್ನೂ ಇತ್ತು. ಅದಕ್ಕೇ ಬಂದ ವಾರದಲ್ಲೇ ಸುಲ್ತಾನ್ ಬಜಾರಿನ ಪಾತ್ರೆ ಅಂಗಡಿಗೆ ಹೋಗಿ ಒಂದೊಂದು ಡಬ್ಬಿಯ ಹೊಟ್ಟೆಯ ಮೇಲೂ ಚುಕ್ಕೆ ಚುಕ್ಕೆಯಾಗಿ ಹೊಡೆಸಿಕೊಂಡು ಬಂದಿದ್ದರು: ಸುಂದರಾಬಾಯಿ, ಕುಷಾಯಿಗೂಡ. ಕನ್ನಡ ಅಕ್ಷರ, ಆದರೆ ತೆಲುಗು ಬಲ್ಲ ಯಾರು ಬೇಕಾದರೂ ಓದಿಕೊಳ್ಳುವಂಥವು.

ಡಬ್ಬಿಗಳನ್ನು ತೊಳೆದು ಒರೆಸುತ್ತ ಶೀತಲ ಆ ಚುಕ್ಕೆಗಳ ಮೇಲೆ ಬೆರಳಾಡಿಸಿದಳು. ತನ್ನ ಮದುವೆಯ ಪಾತ್ರೆಗಳು ನೆನಪಾದವು. ಕೊಡದ ಮೇಲೆ ಅವಳಪ್ಪನ ಹೆಸರು, ಪರಾತದ ಮೇಲೆ ಸೋದರಮಾವನ ಹೆಸರು, ತಂಬಿಗೆಯ ಮೇಲೆ ಯಾರೋ ದೂರದ ಕಾಕಾನ ಹೆಸರು. ಕೊಟ್ಟವರೆಲ್ಲ ತಮ್ಮ ತಮ್ಮ ಹೆಸರು ಹೊಡೆಸಿಯೇ ಕೊಟ್ಟಿದ್ದರು. ಇಷ್ಟು ವರ್ಷ ಬೆಳಗಿದ ಪಾತ್ರೆಗಳಲ್ಲಿ ಅವಳ ಹೆಸರಿನದು ಒಂದೂ ಇರಲಿಲ್ಲ.

ಆ ಸಂಜೆ ಅವಳು ಬುಟ್ಟಿಯಲ್ಲಿ ಡಬ್ಬಿಗಳನ್ನಿಟ್ಟುಕೊಂಡು ಓಣಿ ಇಳಿದಳು. ದೀಪ ಹಚ್ಚುವ ಹೊತ್ತು. ಬಾಗಿಲು ಬಾಗಿಲಿಗೂ ಒಂದೊಂದು ವಾಸನೆ: ಒಂದು ಕಡೆ ಹುಣಸೆ ಕುದಿಯುವುದು, ಇನ್ನೊಂದು ಕಡೆ ಸಾಂಬ್ರಾಣಿ, ಮತ್ತೊಂದು ಕಡೆ ತಾಳಿಸಿದ ಪುದೀನ. ಎಷ್ಟು ವರ್ಷದಿಂದ ಇದೇ ಓಣಿಯಲ್ಲಿದ್ದೇನೆ, ಇಷ್ಟೆಲ್ಲ ವಾಸನೆ ಎಲ್ಲಿತ್ತು ಎಂದು ಅವಳಿಗೆ ಆಶ್ಚರ್ಯ. ಪಕ್ಕದ ಮನೆಯ ತೆಲುಗಿನ ಭವಾನಿ "ರಾ ವದಿನಾ" ಎಂದು ಒಳಗೆ ಕರೆದಳು. ಅತ್ತಿಗೆ ಎಂದು ಕರೆದದ್ದೇ ಶೀತಲಳಿಗೆ ಹಬ್ಬವಾಯಿತು. ಮೂಲೆಮನೆಯ ನುಸ್ರತ್ ಆಪಾ ಡಬ್ಬಿಯ ಮುಚ್ಚಳ ತೆಗೆದು ಮೂಸಿ "ಕ್ಯಾ ಖುಷ್ಬೂ ಹೈ!" ಎಂದು ಕಣ್ಣು ಮುಚ್ಚಿಕೊಂಡರು. 'ನಾವು ಅಂಗಡಿ ಇಟ್ಟಿದ್ದೇವೆ, ದಯವಿಟ್ಟು ಬನ್ನಿ' ಎಂದು ಹೇಳಲು ಗಂಡ ಬಾಯಿಪಾಠ ಮಾಡಿಸಿ ಕಳಿಸಿದ್ದ. ಒಂದು ಬಾಗಿಲಲ್ಲೂ ಆ ಮಾತು ಅವಳ ನಾಲಿಗೆಗೆ ಬರಲಿಲ್ಲ. ಡಬ್ಬಿ ಕೈಗಿಡುತ್ತ ಅಂಗಡಿಯ ಮಾತು ಆಡುವುದೇ? "ಮನೆಯಲ್ಲಿ ಮಾಡಿದ್ದು, ರುಚಿ ನೋಡ್ರಿ" ಎಂದಷ್ಟೇ ಹೇಳಿ, ಹಗುರವಾದ ಬುಟ್ಟಿ ಬೀಸುತ್ತ ಮನೆಗೆ ಬಂದಳು. ಆ ಸಂಜೆಯ ಖುಷಿ ಅವಳ ಮುಖದಿಂದ ಇಳಿಯಲೇ ಇಲ್ಲ.

ಆಮೇಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಜನ ಬಂದರು! ಶಟರಿನ ಮುಂದೆ ನೆರಳು ಬಿದ್ದಾಗಲೆಲ್ಲ ಶೀತಲ ಎದ್ದು ನಿಲ್ಲುತ್ತಿದ್ದಳು. ಆದರೆ ಬಂದವರೆಲ್ಲ ಡಬ್ಬಿ ವಾಪಸು ಕೊಡಲು ಬಂದವರು. ಖಾಲಿ ಡಬ್ಬಿ ಯಾರು ಕೊಡುತ್ತಾರೆ? ಬೀದರಿನವರೂ ಕೊಡುವುದಿಲ್ಲ, ತೆಲುಗಿನವರೂ ಕೊಡುವುದಿಲ್ಲ, ನುಸ್ರತ್ ಆಪಾ ಅಂತೂ ಕನಸಿನಲ್ಲೂ ಕೊಡುವವರಲ್ಲ. ಭವಾನಿಯ ಡಬ್ಬಿಯಲ್ಲಿ ಗೊಂಗೂರ ಪಚ್ಚಡಿ, ಅಂದರೆ ಪುಂಡಿಸೊಪ್ಪಿನ ಚಟ್ನಿ, ಬಂತು. ಆಪಾನ ಡಬ್ಬಿಯಲ್ಲಿ ಜರ್ದಾಳು ಹಣ್ಣು ಬೇಯಿಸಿ ಕೆನೆ ಹಾಕಿದ ಖುಬಾನಿ ಮೀಠಾ. ಎದುರುಮನೆಯಿಂದ ಎಳ್ಳಿನ ಚಕ್ಕುಲಿಯಂಥ ಸಕಿನಾಲು. ಎಲ್ಲರೂ ಹಿಂಡಿಯನ್ನು ಬಾಯ್ತುಂಬ ಹೊಗಳಿದರು, ನೀರು ಕುಡಿದರು, ಮಕ್ಕಳ ಪರೀಕ್ಷೆಯ ಮಾತಾಡಿದರು, ಎದ್ದು ಹೋದರು. ಕೊಂಡವರು ಯಾರೂ ಇಲ್ಲ. ಮತ್ತೆ ಅವರು ಅಷ್ಟೆಲ್ಲ ಕೊಟ್ಟ ಮೇಲೆ ಇವರು ಸುಮ್ಮನಿರಲಾದೀತೇ? ಮತ್ತೆ ಹಿಂಡಿ ತುಂಬಿಸಿ ಕಳಿಸಿದರು.

ಶಿವಪ್ರಕಾಶ ಊಟದ ಹೊತ್ತಿಗೆ ತಟ್ಟೆಯ ಸುತ್ತ ನೆರೆದ ಉಪ್ಪಿನಕಾಯಿ, ಪಚ್ಚಡಿ, ಮೀಠಾ ನೋಡಿ ತಲೆಯ ಮೇಲೆ ಕೈ ಹೊತ್ತುಕೊಂಡ. "ಯವ್ವಾ, ಇದಕ್ಕ ಮಾರ್ಕೆಟಿಂಗ್ ಅನ್ನೂದಿಲ್ಲ. ಬೀಗತನ ಅಂತಾರ."

"ಮತ್ತ ನೀ ಯಾಕ ಎರಡು ಸಲ ಹಾಕ್ಕೊಂಡಿ ಗೊಂಗೂರ?" ಎಂದರು ಸುಂದರಾಬಾಯಿ.

ಒಂದು ದಿನ ಭವಾನಿ ಪರ್ಸು ಹಿಡಿದೇ ಬಂದಳು. ಶೇಂಗಾ ಹಿಂಡಿ ಬೇಕು, ದುಡ್ಡಿಗೇ ಬೇಕು ಅಂದಳು. ಶೀತಲ ಭರಣಿಗೆ ಕೈ ಹಾಕಿದಳು. ಅಷ್ಟರಲ್ಲಿ ಒಳಗಿನಿಂದ ಅತ್ತೆಯ ದನಿ ತೇಲಿ ಬಂತು: "ಭವಾನೀ, ಪರ್ಸ್ ಒಳಗಿಡವ್ವಾ! ನಿನ್ನ ಮನಿ ಪಚ್ಚಡಿ ಉಂಡು ನಿನ್ನ ಕಡೆ ರೊಕ್ಕ ತಗೊಂಡ್ರ ನನಗ ಯಾವ ನರಕ ಸಿಗಬೇಕು?" ಭವಾನಿ ಬೇಡ ಬೇಡ ಅಂದಳು, ಸುಂದರಾಬಾಯಿ ಬಿಡಲಿಲ್ಲ. ಡಬ್ಬಿ ತುಂಬಿಸಿ ಕೈಗಿಟ್ಟು ಕಳಿಸಿದರು. ಹೋಗುವಾಗ ಭವಾನಿಯ ಮುಖ ಸಣ್ಣಗಾಗಿತ್ತು. ಅವತ್ತಿನಿಂದ ಅವಳು ಶಟರಿನ ಮುಂದೆ ಬರುವುದನ್ನೇ ಬಿಟ್ಟಳು. ಪುಕ್ಕಟೆ ಎಷ್ಟು ಸಲ ಒಯ್ಯುವುದು, ನಾಚಿಕೆಯಾಗುವುದಿಲ್ಲವೇ? ಬೇಕೆಂದು ಆಸೆಯಾದವರೂ ಆ ಕಡೆಯ ಫುಟ್‌ಪಾತಿನಲ್ಲಿ ತಲೆ ತಗ್ಗಿಸಿ ಹೋಗತೊಡಗಿದರು. ಉಪಾಯ ಮಾಡಿ ಮಾಡಿ ಇದ್ದಬದ್ದ ನಾಲ್ಕು ಜನರನ್ನೂ ಓಡಿಸಿದ್ದಾಯಿತು.

ಅತ್ತೆಯ ಜೊತೆ ಜಗಳವಾಡಲು ಶೀತಲಳಿಗೆ ಬಾಯಿ ಬರಲಿಲ್ಲ. ಏಕೆಂದರೆ ಖರೇ ಹೇಳಬೇಕೆಂದರೆ ಭರಣಿಗೆ ಹಾಕಿದ ಅವಳ ಕೈಯೂ ಆ ದಿನ ತಡೆದಿತ್ತು. ಡಬ್ಬಿಯಲ್ಲಿ ಕೊಟ್ಟು ಬಂದವರ ಮುಂದೆ ಅಂಗೈ ಚಾಚುವುದು ಅವಳಿಗೂ ಆಗದ ಕೆಲಸ. ಅವಳು ಖಾಲಿ ಅಂಗಡಿಯಲ್ಲಿ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ರಸ್ತೆ ಅವಳ ಪಾಡಿಗೆ ಅವಳನ್ನು ಬಿಟ್ಟು ಹರಿಯುತ್ತಿತ್ತು.

ಇದರ ನಡುವೆ ಇನ್ನೊಂದು ಸಂಕಟ ಶುರುವಾಯಿತು. ಡಬ್ಬಿಗಳು ಕಡಿಮೆಯಾಗುತ್ತ ಬಂದವು. ಮೊದಮೊದಲು ತಪ್ಪದೆ ಬರುತ್ತಿದ್ದವು ಈಗ ತಡವಾಗಿ ಬಂದವು, ಕೆಲವು ಬರಲೇ ಇಲ್ಲ.  ದಿನಾ ಸಂಜೆ ಉಳಿದ ಡಬ್ಬಿಗಳನ್ನು ಸೀರೆಯಂಚಿನಿಂದ ಒರೆಸಿ ಸಾಲಾಗಿ ಇಡುವಾಗ ಸುಂದರಾಬಾಯಿಯವರ ಕೈ ಖಾಲಿ ಜಾಗದ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ಅವು ತವರಿನ ಡಬ್ಬಿಗಳು. ತವರಿನಲ್ಲಿ ಈಗ ಯಾರೂ ಉಳಿದಿರಲಿಲ್ಲ.

ಶೀತಲ ತಡೆಯಲಾರದೆ ಭವಾನಿಯ ಮನೆಗೆ ಹೋದಳು. ಡಬ್ಬಿಯ ಮಾತೆತ್ತಿದ್ದೇ ತಡ ಭವಾನಿ ಕೆನ್ನೆಗೆ ಕೈ ಹಚ್ಚಿಕೊಂಡಳು. "ಅಯ್ಯೋ ವದಿನಾ, ಆ ಡಬ್ಬಿಯಲ್ಲಿ ನನ್ನ ತಂಗಿಗೆ ಸಕಿನಾಲು ಹಾಕಿ ಕೊಟ್ಟೆ, ಸಿಕಂದರಾಬಾದಿಗೆ. ಮೇಲೊಂದು ಪೊಟ್ಟಣದಲ್ಲಿ ನಿಮ್ಮ ಹಿಂಡಿ ಇಟ್ಟಿದ್ದೆ. ಅವಳು ತಿಂದು, ಅದರಲ್ಲೇ ತನ್ನ ಆಫೀಸಿನವಳಿಗೆ ಏನೋ ಒಯ್ದಳಂತೆ, ಮಿಕ್ಕ ಹಿಂಡಿಯನ್ನೂ ಜೊತೆಗಿಟ್ಟು. ಖಾಲೀಗಾ ಎಲಾ ಇಸ್ತಾಂ?" ಖಾಲಿ ಹೇಗೆ ಕೊಡುವುದು ಎಂದು ಅವಳೇ ತಿರುಗಿ ಕೇಳಿದಳು. ನುಸ್ರತ್ ಆಪಾನ ಡಬ್ಬಿ ಅವರ ನಾದಿನಿಯ ಮನೆಗೆ ಹೋಗಿತ್ತು. ಎದುರುಮನೆಯದು ಯಾರದೋ ಸೀಮಂತಕ್ಕೆ.

ಆ ಮಧ್ಯಾಹ್ನ ಅಂಗಡಿಯಲ್ಲಿ ಕೂತ ಶೀತಲಳ ಕಣ್ಣ ಮುಂದೆ ಡಬ್ಬಿಗಳು ನಡೆದವು. ಒಂದು ಲೋಕಲ್ ರೈಲಿನಲ್ಲಿ ಯಾರದೋ ತೊಡೆಯ ಮೇಲೆ ಕೂತು ಕಿಟಕಿಯ ಗಾಳಿ ಕುಡಿಯುತ್ತಿತ್ತು. ಇನ್ನೊಂದು ಸುಲ್ತಾನ್ ಬಜಾರಿನ ಜನಜಂಗುಳಿಯಲ್ಲಿ ಸೀರೆ ಚೀಲದೊಳಗೆ ತೂಗುತ್ತ, ತಾನು ಹೆಸರು ಹೊಡೆಸಿಕೊಂಡ ಅಂಗಡಿಯ ಮುಂದೆಯೇ ಹಾದುಹೋಯಿತು. ಒಂದು ಯಾವುದೋ ಎತ್ತರದ ಮನೆಯ ಬಾಲ್ಕನಿಯ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ, ಕೆಳಗಿನ ಹುಸೇನ್ ಸಾಗರದ ನೀರನ್ನು ಹೊಟ್ಟೆಯ ಮೇಲೆ ಮಿನುಗಿಸಿಕೊಳ್ಳುತ್ತಿತ್ತು. ನಾನು ಈ ಊರಿಗೆ ಬಂದು ಇಷ್ಟು ವರ್ಷವಾಯಿತು, ನಾನು ನೋಡದ ಜಾಗಗಳನ್ನೆಲ್ಲ ಅತ್ತೆಯ ಡಬ್ಬಿಗಳು ನೋಡಿ ಬಂದವಲ್ಲ ಎಂದು ಅವಳಿಗೆ ಹೊಟ್ಟೆಕಿಚ್ಚಾಯಿತು. ಅದಕ್ಕಿಂತ ಹೆಚ್ಚಾಗಿ ಒಂಥರ ಹಿತವೂ ಆಯಿತು. ಕೂತಲ್ಲೇ ನಿದ್ದೆ ಹೋದಳು.

ದೀಪಾವಳಿ ಹತ್ತಿರ ಬಂತು. ಎದುರಿನ ಮೈದಾನದಲ್ಲಿ ಪಟಾಕಿ ಮಳಿಗೆಗಳು ಎದ್ದವು. ಒಂದು ಭಾನುವಾರ ವೈಜನಾಥ ಅಳತೆಯ ಟೇಪು ಹಿಡಿದು ಬಂದೇಬಿಟ್ಟ. ಸಭ್ಯ ಮನುಷ್ಯ, ಭಾಲ್ಕಿ ಕಡೆಯವನು, ಸಂಕೋಚದಿಂದಲೇ ಒಳಗೆ ಕಾಲಿಟ್ಟ. ಶಿವಪ್ರಕಾಶ ಹೆಂಡತಿಯ ಮುಖ ನೋಡಲಾರದೆ ಗೋಡೆಯ ಗಡಿಯಾರ ನೋಡುತ್ತ ನಿಂತ.

"ಅಕ್ಕಾರ, ಈ ತುದಿ ಒಂದೀಟು ಹಿಡೀರಿ," ಎಂದ ವೈಜನಾಥ. "ಇಲ್ಲಿಂದ ಇಲ್ಲೀತನ ಗಾಜಿನ ಕೌಂಟರ್ ಬರ್ತದ."

ಹಿಡಿದಳು. ತನ್ನ ಭರಣಿಗಳ ಹಲಗೆಗೆ ಬೆನ್ನು ಹಚ್ಚಿ ನಿಂತು ಟೇಪಿನ ತುದಿ ಹಿಡಿದಳು. ಇನ್ನೊಂದು ತುದಿಯನ್ನು ಅವನು ಶಟರಿನವರೆಗೆ ಎಳೆದುಕೊಂಡು ಹೋದ. ಟೇಪು ರಸ್ತೆಗೂ ಅವಳಿಗೂ ನಡುವೆ ನೆಟ್ಟಗೆ ನಿಂತಿತು. ಒಳಗಿನ ಅಡುಗೆಮನೆಯ ಗೋಡೆ ಆಗಲೇ ಅವಳ ಕಣ್ಣಿಗೆ ಬಂತು. ಈ ವರ್ಷ ಅದರ ಪಾಚಿಯಲ್ಲಿ ಏನು ಕಾಣಬೇಕೋ ಎಂದು ಯೋಚಿಸಿದಳು. ಏನೂ ಕಾಣುವುದಿಲ್ಲ ಅನ್ನಿಸಿತು.

"ಏವಂಡಿ, ಸುಂದರಾಬಾಯಿಗಾರು ಇಕ್ಕಡೇನಾ?"

ಸುಂದರಾಬಾಯಿಯವರ ಮನೆ ಇದೇನಾ ಎಂದು ಕೇಳುತ್ತ ಶಟರಿನ ಹೊರಗೆ ಒಬ್ಬ ಹೆಂಗಸು ನಿಂತಿದ್ದಳು. ಬಿಸಿಲಿಗೆ ಮುಖ ಕೆಂಪಾಗಿತ್ತು. ಬಗಲಲ್ಲಿ ಚೀಲ, ಕೈಯಲ್ಲಿ ಡಬ್ಬಿ. ದೂರದಿಂದಲೇ ಶೀತಲಳಿಗೆ ಅದರ ಗುರುತು ಸಿಕ್ಕಿತು.

ಹೆಂಗಸು ತನ್ನ ಹೆಸರು ಅಹಲ್ಯಾ ಅಂದಳು. ಭವಾನಿಯ ತಂಗಿಯ ಆಫೀಸಿನವಳಂತೆ. ಡಬ್ಬಿಯ ಜೊತೆ ಬಂದ ಹಿಂಡಿಯನ್ನು ಬಿಸಿ ಅನ್ನಕ್ಕೆ ತುಪ್ಪ ಹಾಕಿ ಕಲಸಿ ತಿಂದರಂತೆ. ಕೊನೆಯ ಚಮಚಕ್ಕೆ ಗಂಡನಿಗೂ ಮಾವನಿಗೂ ಜಗಳವೇ ಆಯಿತಂತೆ. ಭವಾನಿಯ ತಂಗಿ ಹೆರಿಗೆ ರಜೆ ಹಾಕಿ ಹೋಗಿದ್ದಳು, ಕೇಳಲು ಆಗಲಿಲ್ಲ. ಕೊನೆಗೆ ಡಬ್ಬಿಯ ಮೇಲಿನ ಹೆಸರು ಓದಿಕೊಂಡು ಬಸ್ಸು ಹತ್ತಿ, ಕುಷಾಯಿಗೂಡದಲ್ಲಿಳಿದು, ಓಣಿ ಓಣಿ ಕೇಳುತ್ತ ಬಂದಿದ್ದಳು. ಡಬ್ಬಿಯನ್ನು ಮುಂದೆ ಹಿಡಿದಳು. ಮುಚ್ಚಳ ತೆಗೆದರೆ ಒಳಗೆ ಕಜ್ಜಾಯದಂಥ ಬೆಲ್ಲದ ಅರಿಸೆಲು. ಅವಳೂ ಖಾಲಿ ತಂದಿರಲಿಲ್ಲ.

ಹೊರಗಿನವರ ಬಾಯಲ್ಲಿ ತಮ್ಮ ಹೆಸರು ಕೇಳಿ ಸುಂದರಾಬಾಯಿ ಎದ್ದು ಬಂದಿದ್ದರು. ಬಾಗಿಲಿಗೆ ಬಂದು ತಮ್ಮ ಹೆಸರು ಹಿಡಿದು ಕೇಳಿದವರು ಎಷ್ಟೋ ವರ್ಷದಿಂದ ಯಾರೂ ಇರಲಿಲ್ಲ; ಬಂದವರೆಲ್ಲ ಶಿವಪ್ರಕಾಶನ ತಾಯಿಯನ್ನು ಕೇಳಿಕೊಂಡು ಬಂದವರು. ಅವರು ಡಬ್ಬಿಯನ್ನು ಇಸಿದುಕೊಂಡು ತಿರುಗಿಸಿ ನೋಡಿದರು. ಮುಚ್ಚಳಕ್ಕೊಂದು ನೆಗ್ಗು ಬಿದ್ದಿತ್ತು, ಅಷ್ಟೆ.

"ನನಗೆ ಹಿಂಡಿ ಬೇಕು," ಎಂದಳು ಅಹಲ್ಯಾ. "ಮೂರೂ ಬಗೆಯದು. ನಮ್ಮ ಬಿಲ್ಡಿಂಗಿನವರೂ ಹೇಳಿ ಕಳಿಸಿದ್ದಾರೆ. ದುಡ್ಡು ಎಷ್ಟಾಗುತ್ತೆ ಹೇಳಿ." ಪರ್ಸು ತೆಗೆದಳು.

ಶೀತಲ ಅತ್ತೆಯನ್ನು ನೋಡಿದಳು. ಶಿವಪ್ರಕಾಶನೂ ನೋಡಿದ. ಏನಾಗುತ್ತಿದೆ ಎಂದು ತಿಳಿಯದ ವೈಜನಾಥನೂ ನೋಡಿದ. ಸುಂದರಾಬಾಯಿ ಆ ಹೆಂಗಸನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತಮ್ಮ ಅರ್ಧಂಬರ್ಧ ತೆಲುಗಿನಲ್ಲಿ ಕೇಳಿದರು: "ನಿಮ್ಮ ಮನೆ ಎಲ್ಲಿ?"

"ಸಿಕಂದರಾಬಾದ್."

"ನಮ್ಮ ಮನೆಗೆ ಮೊದಲು ಬಂದಿದ್ದೀರಾ? ಹೋಗಿ ಬಂದು ಬಳಕೆ ಇದೆಯಾ?"

"ಇಲ್ಲಮ್ಮಾ. ಇವತ್ತೇ ನೋಡುತ್ತಿರುವುದು."

ಸುಂದರಾಬಾಯಿ ಸೊಸೆಯ ಕಡೆ ತಿರುಗಿದರು. "ಹಂಗಾರ ರೊಕ್ಕ ತಗೋ ಶೀತಲಾ. ಇದು ಅಂಗಡಿ."

ಶೀತಲ ಕೈ ಬಿಟ್ಟಳು. ಟೇಪು ಸರ್ರನೆ ಓಡಿ ವೈಜನಾಥನ ಮುಷ್ಟಿಯೊಳಗೆ ಸೇರಿಕೊಂಡಿತು. ಅವನು ಅದನ್ನು ಜೇಬಿಗೆ ಹಾಕಿಕೊಂಡು, ಬಂದಷ್ಟೇ ಸಂಕೋಚದಿಂದ ಮೆಟ್ಟಿಲಿಳಿಯಲು ಹೋದ. ಬಂದವನನ್ನು ಬರಿಗೈಯಲ್ಲಿ ಕಳಿಸುವುದುಂಟೇ? ಸುಂದರಾಬಾಯಿ ಅವನನ್ನೂ ನಿಲ್ಲಿಸಿ ಒಂದು ಡಬ್ಬಿ ಅಗಸಿ ಹಿಂಡಿ ಕೊಟ್ಟು, ಬೇರೆ ಕೋಣೆ ನೋಡಿಕೊಳ್ಳಪ್ಪಾ ಎಂದರು.

ಆಮೇಲಿನ ದಿನಗಳು ಶೀತಲಳಿಗೆ ಹಗಲುಗನಸಿನ ಮುಂದುವರಿಕೆಯಂತೆ ಕಂಡವು. ಊರು ತಿರುಗಲು ಹೋಗಿದ್ದ ಡಬ್ಬಿಗಳು ಒಂದೊಂದಾಗಿ ಮನೆ ಹುಡುಕಿಕೊಂಡು ಬಂದವು. ಪ್ರತಿಯೊಂದರ ಹಿಂದೆ ಗುರುತು ಪರಿಚಯವಿಲ್ಲದ ಒಬ್ಬರು. ನುಸ್ರತ್ ಆಪಾನ ನಾದಿನಿಯ ಕಡೆಯವರು ಬಂದರು. ಸೀಮಂತಕ್ಕೆ ಹೋದ ಡಬ್ಬಿ ಸುಲ್ತಾನ್ ಬಜಾರಿನ ಸೀರೆ ಅಂಗಡಿಯವನನ್ನು ಕರೆದುಕೊಂಡು ಬಂತು. ಓಣಿಯವರಿಗೂ ದಾರಿ ಸಿಕ್ಕಿತು. ಭವಾನಿ ಶಟರಿನ ಮುಂದೆ ಬಂದು ಜೋರಾಗಿ, ಒಳಗಿನವರಿಗೆ ಕೇಳುವಂತೆ ಹೇಳಿದಳು: "ಇದು ನನಗಲ್ಲಮ್ಮಾ, ನನ್ನ ತಂಗಿಗೆ. ಅವಳ ದುಡ್ಡು ಇದು." ಒಳಗಿನಿಂದ ದನಿ ಬರಲಿಲ್ಲ. ಭವಾನಿಯ ತಂಗಿ ವಾರಕ್ಕೆ ಎಷ್ಟು ಹಿಂಡಿ ತಿನ್ನುತ್ತಾಳೆ ಎಂದು ಯಾರೂ ಕೇಳಲಿಲ್ಲ.

ಎಲ್ಲ ಸರಿಯೇ. ಒಂದು ಮುಳ್ಳು ಮಾತ್ರ ಉಳಿದಿತ್ತು. ಬಂದವರೆಲ್ಲ ಕೇಳುತ್ತಿದ್ದುದು ಸುಂದರಾಬಾಯಿಯನ್ನು. ಶಟರಿನ ಮೇಲೆ ಇಷ್ಟು ದೊಡ್ಡ ಅಕ್ಷರದಲ್ಲಿ ಶೀತಲಳ ಹೆಸರಿದ್ದರೂ ಡಬ್ಬಿ ಓದಿದ ಕಣ್ಣು ಅದನ್ನು ಓದುತ್ತಿರಲಿಲ್ಲ. "ಸುಂದರಾಬಾಯಿಗಾರು, ಏನು ಕೈರುಚಿಯಮ್ಮಾ ನಿಮ್ಮದು!" ಎಂದು ಹೊಗಳುವಾಗ ಅತ್ತೆ ಸೆರಗು ಸರಿಮಾಡಿಕೊಂಡು ನಗುತ್ತಿದ್ದರು. ನಾನಲ್ಲ ಎಂದು ಅವರು ಅನ್ನಲಿಲ್ಲ. ಶೀತಲ ತಲೆ ತಗ್ಗಿಸಿ ಹಿಂಡಿ ತೂಗುತ್ತಿದ್ದಳು. ಅವಳಿಗೆ ನೋವಾಗುತ್ತಿತ್ತು, ಅದನ್ನು ಯಾರಿಗೆ ಹೇಳುವುದು? ರಸ್ತೆ ಉಳಿಯಿತಲ್ಲ, ಇನ್ನೇನು ಬೇಕು ನಿನಗೆ ಎಂದು ತನ್ನನ್ನೇ ಬೈದುಕೊಂಡಳು.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಸುಂದರಾಬಾಯಿ ಹೇಳದೆ ಕೇಳದೆ ಎಲ್ಲಿಗೋ ಹೋದರು. ಊಟದ ಹೊತ್ತು ಮೀರಿತು. ಶೀತಲ ಒಲೆಗೂ ಶಟರಿಗೂ ಓಡಾಡಿ ಸುಸ್ತಾದಳು. ಕೊನೆಗೆ ಒಂದು ಆಟೊ ಬಂದು ನಿಂತಿತು. ಅದರೊಳಗೆ ಅತ್ತೆ, ಅತ್ತೆಯ ಮಡಿಲಲ್ಲಿ ಒಂದು ಚೀಲ. ಚೀಲ ನೆಲಕ್ಕಿಟ್ಟಾಗ ಗಲಗಲ ಅಂದಿತು.

"ಎಲ್ಲಿ ಹೋಗಿದ್ರಿ ಅತ್ತಿ? ಜೀವನೇ ಹೋಗಿತ್ತು ನಂದು!"

"ಸುಲ್ತಾನ್ ಬಜಾರಕ್ಕ. ಆ ಹೆಸರು ಹೊಡಿಯವ ಇನ್ನಾ ಅಲ್ಲೇ ಕೂಡ್ತಾನೇನು ಅಂತ ನೋಡಾಕ. ಅವ ಇಲ್ಲ, ಅವನ ಮಗ ಕೂಡ್ತಾನ. ಕೈ ಛಲೋ ಐತಿ." ಅವರು ಚೀಲ ಬಿಚ್ಚಿ ಒಂದು ಡಬ್ಬಿ ತೆಗೆದು ಸೊಸೆಯ ಕೈಗಿಟ್ಟರು. ಹೊಸ ಡಬ್ಬಿ, ದುಂಡನೆಯದು, ಬಿಗಿ ಮುಚ್ಚಳದ್ದು. ಹೊಟ್ಟೆಯ ಮೇಲೆ ಚುಕ್ಕೆ ಚುಕ್ಕೆಯಾಗಿ: ಶೀತಲ, ಕುಷಾಯಿಗೂಡ.

ಶೀತಲ ಆ ಚುಕ್ಕೆಗಳ ಮೇಲೆ ಬೆರಳಾಡಿಸಿದಳು.

"ಆ ಹಿಂಡಿಗೆ ನಾ ಒಂದು ಹಳ್ಳು ಉಪ್ಪು ಸೈತ ಹಾಕಿಲ್ಲ," ಎಂದರು ಸುಂದರಾಬಾಯಿ, ಬೇರೆ ಕಡೆ ನೋಡುತ್ತ. "ನನಗೂ ಗೊತ್ತೈತಿ. ಮೊದಲನೇ ದಿನಾನ ಹೇಳಬೇಕಿತ್ತು. ಆದ್ರ ಮಂದಿ ನನ್ನ ಹೆಸರು ಹಿಡದು ಕೇಳ್ಕೋತ ಬರಾಕತ್ತಿದ್ರ ಭಾಳ ಛಲೋ ಅನಸ್ತಿತ್ತವ್ವಾ. ಒಂದೀಟು ದಿನ ಕೇಳ್ಕೊಂಡೆ. ಸಾಕು. ಇನ್ನ ನೀ ಕೇಳ್ಕೋ."

ಶೀತಲ ಅತ್ತೆಯ ಎರಡೂ ಕೈ ಹಿಡಿದು ಹಣೆಗೊತ್ತಿಕೊಂಡಳು. ಅವಳ ಕಣ್ಣೀರು ಆ ಕೈಗಳ ಮೇಲೆ ಬಿತ್ತು. "ಹಬ್ಬದಾಗ ಅಳಬ್ಯಾಡ ಹುಚ್ಚಿ," ಎಂದು ಸುಂದರಾಬಾಯಿ ಗದರಿದರು.

ಸಂಜೆ ಅಹಲ್ಯಾ ಮತ್ತೆ ಬಂದಳು. ವಾರಂಗಲ್ಲಿನ ತವರಿಗೆ ಹೊರಟಿದ್ದಳು, ರೈಲಿಗೆ ಹೊತ್ತಾಗುತ್ತಿತ್ತು. ಅವಳು ಕೊಂಡದ್ದನ್ನೆಲ್ಲ ಕಟ್ಟಿಕೊಟ್ಟ ಮೇಲೆ ಶೀತಲ ಹೊಸ ಡಬ್ಬಿಯಲ್ಲಿ ಗುರೆಳ್ಳಿನ ಹಿಂಡಿ ತುಂಬಿ, ಮುಚ್ಚಳ ಒತ್ತಿ, ಅದರ ಮೇಲಿಟ್ಟಳು. "ಇದು ನಿಮ್ಮ ಅಮ್ಮನಿಗೆ. ಇದಕ್ಕೆ ದುಡ್ಡಿಲ್ಲ." ಅಹಲ್ಯಾ ಡಬ್ಬಿ ತಿರುಗಿಸಿ, ಕಣ್ಣು ಕಿರಿದು ಮಾಡಿ, ಅಕ್ಷರ ಕೂಡಿಸಿ ಓದಿದಳು. "ಶೀತಲ. ಎವರಂಡಿ?"

ಯಾರು ಎಂದು ಕೇಳಿದ್ದಳು. ಶೀತಲ ಎದೆಯ ಮೇಲೆ ಕೈಯಿಟ್ಟು, ನಾನು ಅಂದಳು.

ಓಣಿಯ ತುಂಬ ಹಣತೆಗಳು. ಅವುಗಳ ನಡುವೆ ಅಹಲ್ಯಾ ಬೇಗ ಬೇಗ ನಡೆದು ಹೋಗುತ್ತಿದ್ದರೆ ಅವಳ ಕೈಚೀಲದ ಬಾಯಿಂದ ಡಬ್ಬಿ ಒಂದೊಂದು ದೀಪಕ್ಕೂ ಒಮ್ಮೆ ಹೊಳೆಯುತ್ತಿತ್ತು. ತಿರುವಿನಲ್ಲಿ ಬಸ್ಸು ಬಂತು, ಅವಳು ಹತ್ತಿದಳು. ವಾರಂಗಲ್ಲನ್ನು ಶೀತಲ ನೋಡಿದವಳಲ್ಲ. 'ಇನ್ನು ಮೇಲೆ ಅಲ್ಲಿಂದ ಯಾರಾದರೂ ನನ್ನನ್ನು ಕೇಳಿಕೊಂಡು ಬರಬಹುದು' ಎಂದುಕೊಂಡು, ಶಟರನ್ನು ಇನ್ನಷ್ಟು ಮೇಲೆತ್ತಿ, ಅಲ್ಲೇ ಕೂತಳು.